ಬೆಳಗಿನ ಮೊದಲ ಲಾರಿಯ ತೂಕ ದಾಖಲಾಗಬೇಕಾದರೆ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ವೇಬ್ರಿಡ್ಜ್‌ನ (ಲಾರಿಯನ್ನೇ ನಿಲ್ಲಿಸಿ ತೂಗುವ ತಕ್ಕಡಿ) ತೂಕವನ್ನು ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಬರೆಯುವ ಸಣ್ಣ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಭತ್ತದ ಸುಗ್ಗಿಯಲ್ಲಿ ಅದು ಕೈಕೊಟ್ಟರೆ ಲಾರಿಗಳ ಸಾಲು ರಸ್ತೆಗೆ ಬರುತ್ತದೆ, ಎಲ್ಲರ ಕಣ್ಣು ನನ್ನ ಮೇಲೆ ಬೀಳುತ್ತದೆ. ಡೇಟಾಬೇಸ್ ಸಂಪರ್ಕದ ಸೆಟ್ಟಿಂಗ್ ಬಗ್ಗೆ ನಾನು ಕಲಿತದ್ದು ಇಲ್ಲಿದೆ.

ತೂಕದ ಕೋಣೆಯ ಕಂಪ್ಯೂಟರ್ ಬೇರೆ, ಸರ್ವರ್ ಬೇರೆ ಆಗಿದ್ದರೆ ಹೋಸ್ಟ್ (ಡೇಟಾಬೇಸ್ ಇರುವ ಕಂಪ್ಯೂಟರ್‌ನ ವಿಳಾಸ) ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬಿಡಬೇಡಿ. ಕಂಪ್ಯೂಟರ್ ಡೇಟಾಬೇಸನ್ನು ತನ್ನಲ್ಲೇ ಹುಡುಕುತ್ತದೆ. ಸರ್ವರ್‌ನ ಐಪಿ ವಿಳಾಸ ಹಾಕಿ, ಕರೆಂಟ್ ಹೋಗಿ ಬಂದಾಗ ಬದಲಾಗದಂತೆ ಅದನ್ನು ರೌಟರ್‌ನಲ್ಲಿ ಖಾಯಂ ಮಾಡಿ. ಪೋರ್ಟ್, ಅಂದರೆ ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್‌ನ ಬಾಗಿಲ ಸಂಖ್ಯೆ, ಸಾಮಾನ್ಯವಾಗಿ 3306.

ಎಲ್ಲ ಅಧಿಕಾರವೂ ಇರುವ ರೂಟ್ ಖಾತೆ ಬೇಡವೇ ಬೇಡ. ಇನ್ಸರ್ಟ್ (ಸೇರಿಸುವ) ಮತ್ತು ಸೆಲೆಕ್ಟ್ (ಓದುವ) ಅನುಮತಿ ಮಾತ್ರ ಇರುವ ಬೇರೆ ಖಾತೆ ತೆರೆಯಿರಿ. ‘ತೂಕ ಅಳಿಸಿದ್ದೀರಿ’ ಎಂದು ಯಾರಾದರೂ ಜಗಳಕ್ಕೆ ನಿಂತರೆ ಗುಮಾಸ್ತರೂ ನಾನೂ ನಿರಾಳ. ಸೆಟ್ಟಿಂಗ್ ಒಂದೇ ಸಾಲಿನ ಯುಆರ್‌ಎಲ್ ಆಗಿದ್ದು ಪಾಸ್‌ವರ್ಡ್‌ನಲ್ಲಿ @ ಇದ್ದರೆ ಅದನ್ನು %40 ಎಂದು ಬರೆಯಿರಿ.

ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಇರಲಿ, ಟೇಬಲ್‌ಗೂ ಸಂಪರ್ಕಕ್ಕೂ. ಕನ್ನಡ ಅಕ್ಷರಗಳೇ ಇಲ್ಲದ ಲ್ಯಾಟಿನ್1 ಇದ್ದರೆ ರೈತರ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಹಾಗೆ ಉಳಿದ ಹೆಸರು ಮತ್ತೆ ಸಿಗುವುದಿಲ್ಲ.

ನನ್ನನ್ನು ನಿಜವಾಗಿ ಸತಾಯಿಸಿದ್ದು ಬೇರೆಯೇ. ದಿನವೂ ಬೆಳಿಗ್ಗೆ ಮೊದಲ ಲಾರಿಯ ತೂಕ ಮಾತ್ರ ದಾಖಲಾಗುತ್ತಿರಲಿಲ್ಲ. ಇಲಿಗಳ ಮೇಲೆ ಅನುಮಾನಪಟ್ಟು ಕೇಬಲ್ಲನ್ನೇ ಬದಲಿಸಿದೆ. ಇಲಿಗಳದ್ದು ತಪ್ಪಿರಲಿಲ್ಲ. ಸುಮ್ಮನಿರುವ ಸಂಪರ್ಕವನ್ನು ಮೈಎಸ್‌ಕ್ಯೂಎಲ್ 28,800 ಸೆಕೆಂಡಿಗೆ, ಅಂದರೆ 8 ಗಂಟೆಗೆ, ತಾನೇ ಮುಚ್ಚುತ್ತದೆ; ಮೂಲ ಸೆಟ್ಟಿಂಗ್ ಅದು. ಗಿರಣಿ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಸತ್ತ ಸಂಪರ್ಕವನ್ನೇ ತಂತ್ರಾಂಶ ಜೀವಂತವೆಂದು ನಂಬಿ ಕುಳಿತಿತ್ತು. ಪೂಲ್‌ನಲ್ಲಿ (ತಂತ್ರಾಂಶ ತೆರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸುವ ಸಂಪರ್ಕಗಳ ಗುಂಪು) ಸಂಪರ್ಕದ ಗರಿಷ್ಠ ಆಯಸ್ಸನ್ನು 1,800 ಸೆಕೆಂಡಿಗೆ ಇಳಿಸಿ, ಬಳಸುವ ಮುನ್ನ ಪರೀಕ್ಷಿಸುವ ಆಯ್ಕೆಯನ್ನೂ ಹಾಕಿದೆ. ಸರ್ವರ್‌ನ ಅವಧಿಯನ್ನೇ ಹೆಚ್ಚಿಸಬಹುದಿತ್ತು, ಆದರೆ ಹಬ್ಬಕ್ಕೆ ಎರಡು ದಿನ ರಜೆ ಕೊಟ್ಟರೆ ಅದೇ ಹಾಡು. ಪೂಲ್‌ಗೆ ಎರಡು ಸಂಪರ್ಕ ಸಾಕು. ಇರುವುದು ಒಂದೇ ವೇಬ್ರಿಡ್ಜ್.

ಬರೆಯಲಾಗದಿದ್ದರೆ ಮರುಪ್ರಯತ್ನ ಮೂರು ಸಲ ಎಂದು ಇಡುವ ಮೊದಲು ತೂಕದ ಚೀಟಿ ಸಂಖ್ಯೆಗೆ ಯುನೀಕ್ ಕೀ (ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆಯುವ ನಿಯಮ) ಹಾಕಿ. ಇಲ್ಲವಾದರೆ, ಸರ್ವರ್ ಬರೆದುಕೊಂಡ ಮೇಲೆ, ಉತ್ತರ ತಲುಪುವ ಮೊದಲು ಸಂಪರ್ಕ ಕಡಿದರೆ, ತಂತ್ರಾಂಶ ಅದೇ ತೂಕವನ್ನು ಮತ್ತೆ ಬರೆಯುತ್ತದೆ. ಒಂದು ಲಾರಿ ಭತ್ತಕ್ಕೆ ಎರಡು ಬಿಲ್.

ಕೊನೆಗೆ ಪರೀಕ್ಷಿಸಲು, ಖಾಲಿ ಟ್ರ್ಯಾಕ್ಟರ್ ಒಂದನ್ನು ತೂಗಲು ನಿಲ್ಲಿಸಿ, ನಡುವೆ ಕೇಬಲ್ ಕಿತ್ತು ಮತ್ತೆ ಚುಚ್ಚಿ. ಟೇಬಲ್‌ನಲ್ಲಿ ಆ ಚೀಟಿಯ ಸಾಲು ಒಂದೇ ಇರಬೇಕು.