ನಡುವೆ ಎದ್ದು ಬಂದವರ ಸಂಬಳ ಹಿಡಿಯಬೇಡಿ

ಬಳ್ಳಾರಿಯಲ್ಲಿ ನಾನು ಆಯುರ್ವೇದದ ಅಭ್ಯಂಗ (ಎಣ್ಣೆ ಮಸಾಜ್), ಪಂಚಕರ್ಮದ ಒಂದು ಸಣ್ಣ ಸೆಂಟರ್ ನಡೆಸುತ್ತಿದ್ದೇನೆ. ನಮ್ಮಲ್ಲಿಗೆ ಬರುವವರು ಜಾಸ್ತಿ ಜೀನ್ಸ್ ಹೊಲಿಯುವವರು, ಸಂಡೂರು ಕಡೆ ಲಾರಿ ಓಡಿಸುವವರು, ಬಾಣಂತಿಯರು. ಬೆಳಗ್ಗೆಯಿಂದ ಸಂಜೆವರೆಗೆ ಮಷಿನ್ ಮುಂದೆ ಬಗ್ಗಿ ಕೂತವರ ಕತ್ತು ಕೈಗೆ ಸಿಕ್ಕರೆ ಸಾಕು, ಈ ಕೆಲಸ ಎಷ್ಟು ಬೇಕಾದದ್ದು ಅಂತ ಗೊತ್ತಾಗುತ್ತದೆ. ಆದರೆ ಇದರಲ್ಲಿ ಒಬ್ಬರು ಅರೆಬಟ್ಟೆಯಲ್ಲಿ ಮಲಗಿರುತ್ತಾರೆ, ಇನ್ನೊಬ್ಬರು ಅವರ ಮೈ ಮುಟ್ಟುತ್ತಾರೆ, ಬಾಗಿಲು ಮುಚ್ಚಿರುತ್ತದೆ. ತೊಂದರೆ ಎರಡೂ ಕಡೆಯಿಂದ ಬರಬಹುದು.

ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ ಸಂಬಳ ಅಂತ ಇರಲಿಲ್ಲ. ಎಷ್ಟು ಮಸಾಜ್ ಮಾಡಿದರೆ ಅಷ್ಟು ಕಮಿಷನ್, ಮೇಲೆ ಟಿಪ್ಸ್. ಅಲ್ಲಿ ಗೋಡೆ ಮೇಲೆ ನಿಯಮಗಳ ದೊಡ್ಡ ಬೋರ್ಡ್ ಇತ್ತು. ಆದರೂ ಹುಡುಗಿಯರು ಬಾಯಿ ಬಿಡುತ್ತಿರಲಿಲ್ಲ. ನಡುವೆ ಎದ್ದು ಬಂದರೆ ಆ ದಿನದ ದುಡ್ಡು ಹೋಗುತ್ತದೆ, ಗಿರಾಕಿ ಸಿಟ್ಟಾಗುತ್ತಾನೆ, ಓನರ್ ಮುಖ ಕೆಡಿಸಿಕೊಳ್ಳುತ್ತಾನೆ. ಮನೆ ಬಾಡಿಗೆ ಕಟ್ಟಬೇಕಾದವಳು ಎಲ್ಲವನ್ನೂ ನುಂಗಿಕೊಂಡು ಎಣ್ಣೆ ಹಚ್ಚುತ್ತಲೇ ಇರುತ್ತಾಳೆ. ಅದಕ್ಕೇ ನನ್ನ ಸೆಂಟರ್ ಶುರು ಮಾಡುವಾಗ ಮೊದಲು ಗಟ್ಟಿ ಮಾಡಿದ್ದು ಸಂಬಳ. ಎಲ್ಲರಿಗೂ ತಿಂಗಳ ಸಂಬಳ. ಮಸಾಜ್ ನಡುವೆ ನಿಲ್ಲಿಸಿದರೂ ಅದು ಪೂರ್ತಿ ಮಾಡಿದ ಲೆಕ್ಕವೇ. ಯಾರಾದರೂ ಖುಷಿಯಿಂದ ಟಿಪ್ಸ್ ಕೊಟ್ಟರೆ ಕೌಂಟರಿನ ಡಬ್ಬಕ್ಕೆ ಹಾಕುತ್ತಾರೆ, ತಿಂಗಳ ಕೊನೆಗೆ ಎಲ್ಲರೂ ಹಂಚಿಕೊಳ್ಳುತ್ತಾರೆ. ಕೋಣೆಯೊಳಗೆ ಕೈಗೆ ದುಡ್ಡು ಕೊಡುವಂತಿಲ್ಲ.

ಎರಡನೆಯದು ಫೋನ್. 'ಲೇಡೀಸ್ ಮಾಡ್ತಾರೇನ್ರಿ?' ಅಂತ ಕೇಳುವ ಕರೆಗಳು ಈಗಲೂ ಬರುತ್ತವೆ. ನಮ್ಮ ಉತ್ತರ ಒಂದೇ: 'ಗಂಡಸರಿಗೆ ಗಂಡಸರೇ ಮಾಡ್ತಾರ್ರಿ, ಹೆಂಗಸರಿಗೆ ಹೆಂಗಸರು. ನಿಮ್ಗೆ ಎಲ್ಲಿ ನೋವೈತಿ ಹೇಳ್ರಿ.' ನೋವಿದ್ದವರು ಸೊಂಟ, ಮಂಡಿ ಅಂತ ಶುರು ಮಾಡುತ್ತಾರೆ. ಉಳಿದವರು ಫೋನ್ ಇಡುತ್ತಾರೆ. ಕೆಟ್ಟದಾಗಿ ಮಾತಾಡಿದ ನಂಬರನ್ನು ಬ್ಲಾಕ್ ಮಾಡುವ ಮುಂಚೆ ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಥೆರಪಿಸ್ಟ್‌ಗಳ ಸ್ವಂತ ನಂಬರ್ ಗಿರಾಕಿಗಳಿಗೆ ಕೊಡುವುದಿಲ್ಲ. ಗಿರಾಕಿಗಳ ನಂಬರ್ ಥೆರಪಿಸ್ಟ್‌ಗಳಿಗೂ ಸಿಗುವುದಿಲ್ಲ.

ಇನ್ನು ಕೋಣೆ. ಒಳಗಿನ ಚಿಲಕ ತೆಗೆಸಿದ್ದೇನೆ. ಬಾಗಿಲು ಮುಚ್ಚುತ್ತದೆ, ಆದರೆ ಲಾಕ್ ಆಗುವುದಿಲ್ಲ. ಒಳಗೆ ಪರದೆ ಇದೆ, ಹಾಗಾಗಿ ಬಾಗಿಲು ತೆರೆದರೂ ಮಲಗಿದವರು ಕಾಣುವುದಿಲ್ಲ. ದ್ರೋಣಿಯ, ಅಂದರೆ ಮಸಾಜ್‌ಗೆ ಮಲಗುವ ಮೇಜಿನ, ಪಕ್ಕ ಒಂದು ಬೆಲ್, ಗಿರಾಕಿಗೂ ಕೈಗೆ ಎಟಕುವಂತಿದೆ. ಕ್ಯಾಮೆರಾ ಇರುವುದು ಹೊರಗಿನ ಹಾದಿಯಲ್ಲಿ ಮಾತ್ರ. ಯಾರ ಫೋನೂ ಒಳಗೆ ಹೋಗುವಂತಿಲ್ಲ, ನನ್ನದೂ ಸೇರಿ. ಪಂಚಕರ್ಮದಲ್ಲಿ ದ್ರೋಣಿಯ ಎರಡೂ ಬದಿಗೆ ಒಬ್ಬೊಬ್ಬರು ನಿಂತು ಅಭ್ಯಂಗ ಮಾಡುವ ಪದ್ಧತಿ ಮೊದಲಿಂದಲೂ ಇದೆ. ಖರ್ಚು ಉಳಿಸಲು ಹಲವರು ಅದನ್ನು ಬಿಟ್ಟಿದ್ದಾರೆ. ಹೊಸ ಗಿರಾಕಿ ಬಂದಾಗ ನಾವು ಇಬ್ಬರನ್ನೇ ಕಳಿಸುತ್ತೇವೆ.

ಹೊಸದಾಗಿ ಸೇರಿದವರು ಎಣ್ಣೆ ಮುಟ್ಟುವ ಮುಂಚೆ ತಾವೇ ದ್ರೋಣಿಯ ಮೇಲೆ ಮಲಗಬೇಕು. ತೊಡೆಯ ಮೇಲಿನ ಬಟ್ಟೆ ನಾಲ್ಕು ಬೆರಳು ಸರಿದರೆ ಹೇಗೆ ಮೈ ಬಿಗಿಯಾಗುತ್ತದೆ ಅನ್ನುವುದು ಮಲಗಿದವರಿಗೇ ಗೊತ್ತು. ಆಮೇಲೆ ಬಟ್ಟೆ ಹೊದಿಸುವುದನ್ನು ಕಲಿಸುತ್ತೇನೆ. ಮೈಯೆಲ್ಲ ಬಿಳಿ ಪಂಚೆಯ ಕೆಳಗೆ, ಎಣ್ಣೆ ಹಚ್ಚುವ ಕೈ ಅಥವಾ ಕಾಲು ಮಾತ್ರ ಹೊರಗೆ. ಒಂದು ಕಾಲು ಮುಗಿದರೆ ಅದನ್ನು ಮುಚ್ಚಿ, ಆಮೇಲೆ ಇನ್ನೊಂದು ತೆಗೆಯಬೇಕು. ಪಂಚೆಯ ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಬೇಕು, ಸುಮ್ನೆ ಮೇಲೆ ಹಾಕಿದರೆ ಜಾರುತ್ತದೆ. ಹೊಟ್ಟೆ, ತೊಡೆಯ ಮೇಲ್ಭಾಗ, ಸೊಂಟದ ಕೆಳಗೆ ಕೈ ಹೋಗುವ ಮುಂಚೆ ಪ್ರತಿ ಸಲ ಬಾಯಿಬಿಟ್ಟು ಕೇಳಬೇಕು. ಹೆಂಗಸರ ಎದೆ, ಯಾರದೇ ಗುಪ್ತಾಂಗ ಮುಟ್ಟುವಂತಿಲ್ಲ, ಗಿರಾಕಿ ಒಪ್ಪಿದರೂ ಇಲ್ಲ. ಈ ಮಾತನ್ನು ಶುರುವಿಗೇ ಗಿರಾಕಿಗೂ ಕನ್ನಡದಲ್ಲೋ ತೆಲುಗಿನಲ್ಲೋ ಹೇಳುತ್ತೇವೆ. 'ಸಾಕು ಅಂದ್ರೆ ಅಲ್ಲಿಗೇ ನಿಲ್ಲಿಸ್ತೀವಿ, ಕಾರಣ ಕೇಳಲ್ಲ' ಅಂದಾಗ ಬಾಣಂತಿಯರ ತಾಯಂದಿರ ಮುಖ ಸಡಿಲಾಗುವುದನ್ನು ನೋಡಿದ್ದೇನೆ. ಮಕ್ಕಳಾದರೆ ತಾಯಿ ಅಥವಾ ತಂದೆ ಕೋಣೆಯೊಳಗೇ ಕೂರುತ್ತಾರೆ.

ಮಾತಾಡಲು ಎಲ್ಲರೂ ನಾಚುವ ಒಂದು ವಿಷಯವಿದೆ. ಗಂಡಸರ ಮೈ ಕೆಲವೊಮ್ಮೆ ತಾನಾಗಿಯೇ ಉದ್ರೇಕವಾಗುತ್ತದೆ. ಅದೊಂದೇ ತಪ್ಪಲ್ಲ. ಮೇಲೆ ಬಟ್ಟೆ ದಪ್ಪಗೆ ಹೊದಿಸಿ, ಪಾದದ ಕಡೆಗೋ ಭುಜದ ಕಡೆಗೋ ಹೋಗಬೇಕು. ಅದರ ಜೊತೆ ಒಂದು ಮಾತು ಬಂದರೆ, ಥೆರಪಿಸ್ಟ್‌ನ ಕೈ ಹಿಡಿದರೆ, ಬಟ್ಟೆ ಸರಿಸಿದರೆ ಕೆಲಸ ಅಲ್ಲಿಗೆ ಮುಗಿಯಿತು.

ಹಾಗೊಂದು ಸಲ ಆಗಿದೆ. ಪ್ಯಾಕೇಜಿಗೆ ಪೂರ್ತಿ ದುಡ್ಡು ಮೊದಲೇ ಕಟ್ಟಿದ್ದ ಗಿರಾಕಿ. ನಮ್ಮ ಹುಡುಗ ಹೊರಗೆ ಬಂದು, ಎಣ್ಣೆ ಕೈಯನ್ನು ಒರೆಸಿಕೊಳ್ಳುತ್ತಾ, 'ಅಕ್ಕಾ, ನಾನು ಒಳಗ ಹೋಗಲ್ಲ' ಅಂದ. ಏನಾಯಿತು ಅಂತ ಆಗ ಕೇಳಲಿಲ್ಲ. ನಾನೇ ಬಾಗಿಲ ಹೊರಗೆ ನಿಂತು, 'ಅಣ್ಣಾ, ಇವತ್ತಿಗೆ ಮುಗೀತ್ರಿ, ಬಟ್ಟಿ ಹಾಕ್ಕೊಂಡು ಬರ್ರಿ' ಅಂದೆ. 'ನಾನ್ಯಾರು ಗೊತ್ತೇನ್?' ಅಂತ ಅವರು ಕೂಗಾಡಿದರು. ಉಳಿದ ದುಡ್ಡು ಎಣಿಸಿ ಕೊಟ್ಟೆ, ಇನ್ನು ಬರಬೇಡಿ ಅಂತ ಹೇಳಿದೆ. ಆಮೇಲೆ ಚಹಾ ಕುಡಿಯುತ್ತಾ ಹುಡುಗ ಎಲ್ಲ ಹೇಳಿದ. 'ಗಂಡಸಾಗಿ ಇದನ್ನ ಯಾರಿಗೆ ಹೇಳ್ಕೊಳ್ಳೋದಕ್ಕಾ' ಅಂದ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೆಂಗಸರಿಗಷ್ಟೇ ಅನ್ವಯಿಸುತ್ತದೆ. ನಮ್ಮ ಸೆಂಟರಿನ ನಿಯಮ ಎಲ್ಲರಿಗೂ ಒಂದೇ. ಅವತ್ತೇ ದಿನಾಂಕ ಹಾಕಿ, ಅವನ ಮಾತಿನಲ್ಲೇ ಬರೆದು ಸಹಿ ಮಾಡಿಸಿಕೊಂಡೆ.

ಆ ಕಾಯ್ದೆ ದೊಡ್ಡ ಕಂಪನಿಗಳಿಗೆ ಮಾತ್ರ ಅಂತ ನಮ್ಮಂಥ ಸಣ್ಣ ಓನರ್‌ಗಳು ಅಂದುಕೊಂಡಿದ್ದಾರೆ. ಹಾಗಿಲ್ಲ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಓನರ್ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು. ತಡವಾಗಲು ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಸಮಯ ಕೊಡಬಹುದು. ಬರೆಯಲು ಬಾರದಿದ್ದರೆ ಬರೆದುಕೊಡಲು ಸಮಿತಿಯವರೇ ನೆರವಾಗಬೇಕು. ಹೊರಗಿಂದ ಬರುವವರಿಂದಲೂ ಕೆಲಸದ ಹೆಂಗಸರನ್ನು ಕಾಪಾಡುವುದು ಓನರ್ ಜವಾಬ್ದಾರಿ ಅಂತ ಕಾಯ್ದೆಯಲ್ಲೇ ಇದೆ. ಅಂದರೆ ಗಿರಾಕಿ ಮಾಡಿದ್ದಕ್ಕೆ ನಾನೇನು ಮಾಡಲಿ ಅನ್ನುವ ಹಾಗಿಲ್ಲ. ಮಸಾಜ್‌ಗೆ ಬಂದ ಹೆಣ್ಣುಮಗಳೂ ಇದೇ ಕಾಯ್ದೆಯಲ್ಲಿ ದೂರು ಕೊಡಬಹುದು. ಪೊಲೀಸ್ ಕೇಸ್ ಬೇರೆ. 2024ರ ಜುಲೈ 1ರಿಂದ ಹಳೆಯ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ಸೆಕ್ಷನ್ 75 ಲೈಂಗಿಕ ಕಿರುಕುಳಕ್ಕೆ, 77 ಕದ್ದು ನೋಡುವುದಕ್ಕೆ, ವಿಡಿಯೋ ಮಾಡುವುದಕ್ಕೆ. ತುರ್ತು ನಂಬರ್ 112 ಮತ್ತು ಮಹಿಳಾ ಸಹಾಯವಾಣಿ 181, ಇವೆರಡನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಅಂಟಿಸಿದ್ದೇನೆ. ಕೌಂಟರಿನಲ್ಲಿ ಅಂಟಿಸಿದರೆ ಎಲ್ಲರ ಎದುರು ನಿಂತು ಯಾರು ಬರೆದುಕೊಳ್ಳುತ್ತಾರೆ, ಅಲ್ವಾ?

ನನಗೆ ಈಗಲೂ ಜಾಸ್ತಿ ಚಿಂತೆ ಮನೆಗೆ ಹೋಗಿ ಮಾಡುವ ಕೆಲಸದ್ದು. ಗಂಡಸರ ಮನೆ, ಲಾಡ್ಜ್ ರೂಮು ಪೂರ್ತಿ ನಿಲ್ಲಿಸಿದ್ದೇನೆ. ಬಾಣಂತಿಯರ ಮನೆಗೆ ಮಾತ್ರ ಹೋಗುತ್ತಾರೆ, ಅದೂ ಹಗಲು ಹೊತ್ತಿನಲ್ಲಿ. ಮನೆಯಲ್ಲಿ ಬಾಣಂತಿ ಬಿಟ್ಟು ಇನ್ನೊಬ್ಬ ಹೆಂಗಸು ಇರಲೇಬೇಕು. ಒಳಗೆ ಕಾಲಿಡುವಾಗ ಒಂದು ಫೋನ್, ಹೊರಗೆ ಬಂದಾಗ ಇನ್ನೊಂದು. ಬಾಗಿಲಲ್ಲಿ ಏನೋ ಸರಿ ಕಾಣಲಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬರುತ್ತಾರೆ. ಆಟೋ ಚಾರ್ಜು ನಾನು ಕೊಡುತ್ತೇನೆ, ಆ ಹೊತ್ತಿನ ಸಂಬಳವನ್ನೂ ಹಿಡಿಯುವುದಿಲ್ಲ.