ಆಯುಧಪೂಜೆಯ ದಿನ ಸುಮ್ಮನಿರದ ಡಿವಿಆರ್: ಜಾಲ ಭದ್ರತೆಗೆ ಎಐ ಅಳವಡಿಸಿದ ನನ್ನ ಅನುಭವ

ಪೀಣ್ಯದಲ್ಲಿರುವ ನಮ್ಮ ಯಂತ್ರಭಾಗಗಳ ಕಾರ್ಖಾನೆಯ ಜಾಲವನ್ನು ನೋಡಿಕೊಳ್ಳುವವರು ನಾವು ಮೂವರು. ಕಚೇರಿಯ ಕಂಪ್ಯೂಟರ್‌ಗಳು, ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ) ಯಂತ್ರಗಳ ಕಂಟ್ರೋಲರ್‌ಗಳು, ಪ್ರಿಂಟರ್‌ಗಳು, ಹಾಜರಿ ಯಂತ್ರಗಳು, ಸಿಸಿಟಿವಿ ಕ್ಯಾಮೆರಾಗಳು, ಅವುಗಳ ದೃಶ್ಯ ದಾಖಲಿಸುವ ಡಿವಿಆರ್‌ಗಳು ಎಲ್ಲ ಸೇರಿ ಸುಮಾರು 450 ಸಾಧನಗಳಿವೆ. ಹುಬ್ಬಳ್ಳಿಯಲ್ಲೂ ಬೆಳಗಾವಿಯಲ್ಲೂ ಒಂದೊಂದು ಶಾಖೆಯಿದೆ. ಒಂದು ದಿನ ನಮ್ಮ ನಿರ್ದೇಶಕರು ಯಾವುದೋ ಕೈಗಾರಿಕಾ ಪ್ರದರ್ಶನದಿಂದ ಮರಳಿದವರೇ ನನ್ನನ್ನು ಕರೆದು, "ಎಲ್ಲರೂ ಸೆಕ್ಯೂರಿಟಿಗೆ ಎಐ ಹಾಕಿಸ್ತಿದ್ದಾರಂತಲ್ರೀ, ನಮ್ಮದು ಎಲ್ಲಿಗೆ ಬಂತು?" ಎಂದು ಕೇಳಿದರು. ನಮ್ಮದು ಎಲ್ಲಿಗೂ ಬಂದಿರಲಿಲ್ಲ. ಒಂದು ತಿಂಗಳ ಕಾಲಾವಕಾಶ ಕೇಳಿ ಹೊರಬಂದೆ.

ಆ ತಿಂಗಳಿನಲ್ಲಿ ಬಂದು ಹೋದ ಮಾರಾಟಗಾರರ ಸ್ಲೈಡುಗಳನ್ನು ನೋಡಿದಾಗ ಉದ್ಯಮ ಯಾವ ಕಡೆಗೆ ಹೊರಟಿದೆ ಎಂಬುದು ಸ್ಪಷ್ಟವಾಯಿತು. ಸ್ವಿಚ್ಚು, ರೌಟರ್ ಮಾರುತ್ತಿದ್ದವರೇ ಈಗ ಲಾಗ್‌ಗಳನ್ನೂ (ಸಾಧನಗಳು ಕ್ಷಣಕ್ಷಣಕ್ಕೂ ಬರೆದಿಡುವ ದಾಖಲೆಗಳು) ಅವುಗಳನ್ನು ಓದುವ ಬುದ್ಧಿಯನ್ನೂ ಒಟ್ಟಿಗೆ ಮಾರಲು ಬಯಸುತ್ತಾರೆ. ಸಿಸ್ಕೊ 2024ರ ಮಾರ್ಚ್‌ನಲ್ಲಿ ಲಾಗ್ ವಿಶ್ಲೇಷಿಸುವ ಸ್ಪ್ಲಂಕ್ ಕಂಪನಿಯನ್ನು ಸುಮಾರು 2,800 ಕೋಟಿ ಡಾಲರಿಗೆ ಕೊಂಡದ್ದು ಇದೇ ಕಾರಣಕ್ಕೆ. ಎಚ್‌ಪಿಇ 2025ರ ಜುಲೈನಲ್ಲಿ ಜಾಲ ಸಾಧನ ತಯಾರಿಸುವ ಜುನಿಪರ್ ಅನ್ನು ಸುಮಾರು 1,400 ಕೋಟಿ ಡಾಲರಿಗೆ ಕೊಂಡದ್ದರ ಹಿಂದೆಯೂ ಜುನಿಪರ್‌ನ ಮಿಸ್ಟ್ ಎಂಬ ಎಐ ವೇದಿಕೆಯ ಆಕರ್ಷಣೆ ಇತ್ತು. ನಮಗೆ ಬಂದ ದರಪಟ್ಟಿಗಳು ಮಾತ್ರ ನಮ್ಮ ವಾರ್ಷಿಕ ಐಟಿ ಬಜೆಟ್ಟನ್ನು ಮೀರಿದ್ದವು. ಹೀಗಾಗಿ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳಿಂದ ನಾವೇ ಕಟ್ಟಿಕೊಳ್ಳುವುದೆಂದು ತೀರ್ಮಾನಿಸಿದೆವು. ಬಡತನದಿಂದ ತೆಗೆದುಕೊಂಡ ನಿರ್ಧಾರವದು, ಅದರಲ್ಲಿ ದೂರದೃಷ್ಟಿಯೇನೂ ಇರಲಿಲ್ಲ.

ಮೊದಲ ಎರಡು ತಿಂಗಳು ಎಐ ಎಂಬ ಪದಕ್ಕೆ ಸಂಬಂಧಿಸಿದ ಒಂದು ಕೆಲಸವನ್ನೂ ನಾವು ಮಾಡಲಾಗಲಿಲ್ಲ. ಕಾರಣ ಗಡಿಯಾರ. ಒಳಹೊರಗಿನ ಸಂಚಾರವನ್ನು ನಿಯಮಗಳ ಪ್ರಕಾರ ತಡೆಯುವ ಫೈರ್‌ವಾಲ್‌ನ ಸಮಯ ನಾಲ್ಕು ನಿಮಿಷ ಮುಂದಿತ್ತು, ಹುಬ್ಬಳ್ಳಿ ಶಾಖೆಯ ರೌಟರ್ ಭಾರತೀಯ ಕಾಲಮಾನದ ಬದಲು ಗ್ರೀನಿಚ್ ಕಾಲಮಾನದಲ್ಲಿ ಲಾಗ್ ಬರೆಯುತ್ತಿತ್ತು, ಎರಡು ಹಳೆಯ ಸ್ವಿಚ್ಚುಗಳು ಪ್ರತಿ ಸಲ ವಿದ್ಯುತ್ ಹೋಗಿ ಬಂದಾಗಲೂ ಹಲವು ವರ್ಷ ಹಿಂದಕ್ಕೆ ಹೋಗುತ್ತಿದ್ದವು. ಒಂದೇ ಘಟನೆಯ ನಾಲ್ಕು ದಾಖಲೆಗಳು ನಾಲ್ಕು ಸಮಯ ತೋರಿಸಿದರೆ ಯಾವ ಎಐ ಮಾದರಿಯೂ (ದತ್ತಾಂಶ ನೋಡಿ ಕಲಿಯುವ ತಂತ್ರಾಂಶ) ಅವುಗಳನ್ನು ಜೋಡಿಸಲಾರದು. ದೇಶದ ಸೈಬರ್ ಭದ್ರತಾ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಸಾಧನಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯದೊಂದಿಗೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು, ಭದ್ರತಾ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಹೇಳುತ್ತದೆ. ನಾವು ಅದನ್ನು ಆಡಿಟ್ ಸಮಯದಲ್ಲಿ ಟಿಕ್ ಹಾಕುವ ಕಲಮುಗಳೆಂದು ಕಂಡಿದ್ದೆವು. ಎಲ್ಲ ಸಾಧನಗಳನ್ನೂ ಒಂದೇ ಸಮಯಕ್ಕೆ ತಂದು ಆರು ತಿಂಗಳ ಲಾಗ್‌ಗಳನ್ನು ಒಂದೇ ಕಡೆ ಕೂಡಿಹಾಕಿದ ಮೇಲೆಯೇ, ಮುಂದೆ ನಡೆದದ್ದಕ್ಕೆಲ್ಲ ಅದೇ ಅಡಿಪಾಯವೆಂದು ಅರಿವಾಯಿತು.

ಆಮೇಲೆ ಮಾದರಿಗೆ ಏನನ್ನು ಉಣಿಸುವುದೆಂಬ ಪ್ರಶ್ನೆ ಬಂತು. ಇಂದು ಜಾಲದಲ್ಲಿ ಹರಿಯುವ ಬಹುಪಾಲು ದತ್ತಾಂಶ ಗೂಢಲಿಪಿಯಲ್ಲಿರುತ್ತದೆ. ಈ ಗೂಢಲಿಪಿಯ ಮುಖ್ಯ ಪದ್ಧತಿಯಾದ ಟಿಎಲ್‌ಎಸ್‌ನ 2018ರಲ್ಲಿ ಬಂದ 1.3 ಆವೃತ್ತಿಯಲ್ಲಿ ಸರ್ವರ್ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರವೂ ನಡುವೆ ನಿಂತು ನೋಡುವವರಿಗೆ ಕಾಣುವುದಿಲ್ಲ. ಲಕೋಟೆಯನ್ನು ಒಡೆದು ನೋಡುವ ಕಾಲ ಮುಗಿಯುತ್ತಿದೆ, ಲಕೋಟೆ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ತೂಕದ್ದು ಹೋಗುತ್ತಿದೆ ಎಂದು ನೋಡುವ ಕಾಲ ಬಂದಿದೆ. ಇದನ್ನೇ ಫ್ಲೋ ದಾಖಲೆ ಎನ್ನುತ್ತೇವೆ. ನಾವು ಮುಖ್ಯ ಸ್ವಿಚ್ಚಿನಿಂದ ಫ್ಲೋ ದಾಖಲೆಗಳನ್ನೂ, ಝೀಕ್ ಎಂಬ ತಂತ್ರಾಂಶದಿಂದ ಡಿಎನ್‌ಎಸ್ ವಿಚಾರಣೆಗಳ (ಜಾಲತಾಣದ ಹೆಸರಿಗೆ ಅದರ ವಿಳಾಸ ಕೇಳುವ ಕೋರಿಕೆಗಳ) ದಾಖಲೆಯನ್ನೂ ತೆಗೆದುಕೊಂಡು, ಪ್ರತಿ ಸಾಧನವೂ ಪ್ರತಿ ಗಂಟೆಯಲ್ಲಿ ಎಷ್ಟು ಬೈಟ್ ಹೊರಗೆ ಕಳಿಸಿತು, ಒಳಗೆ ಬಂದದ್ದಕ್ಕೆ ಅದರ ಅನುಪಾತವೆಷ್ಟು, ಎಷ್ಟು ಬೇರೆಬೇರೆ ವಿಳಾಸಗಳೊಂದಿಗೆ ಮಾತಾಡಿತು, ಇಲ್ಲದ ಹೆಸರುಗಳನ್ನು ಎಷ್ಟು ಸಲ ಹುಡುಕಿತು, ಎರಡು ಸಂಪರ್ಕಗಳ ನಡುವಿನ ಅಂತರ ಎಷ್ಟು ಏಕಪ್ರಕಾರವಾಗಿದೆ ಎಂಬ ಅಂಕಿಗಳನ್ನು ಲೆಕ್ಕ ಹಾಕಿದೆವು. ಕೊನೆಯದು ಮುಖ್ಯ, ಏಕೆಂದರೆ ಮನುಷ್ಯರು ಬ್ರೌಸರ್ ಬಳಸುವಾಗ ಅಂತರಗಳು ಅಡ್ಡಾದಿಡ್ಡಿಯಾಗಿರುತ್ತವೆ, ಆದರೆ ತನ್ನ ಯಜಮಾನನಿಗೆ ಹಾಜರಿ ಹಾಕುವ ಕುತಂತ್ರಾಂಶ ಗಡಿಯಾರ ನೋಡಿಕೊಂಡಂತೆ ಮಾತಾಡುತ್ತದೆ.

ಮಾದರಿಯಾಗಿ ಆರಿಸಿಕೊಂಡದ್ದು ಐಸೊಲೇಶನ್ ಫಾರೆಸ್ಟ್. ಇದು 2008ರಲ್ಲಿ ಪ್ರಕಟವಾದ ಹಳೆಯ ವಿಧಾನ. ಬರಹ ಓದಿ ಬರಹದಲ್ಲೇ ಉತ್ತರಿಸುವ ಈಗಿನ ಭಾಷಾ ಮಾದರಿಗಳ ಮುಂದೆ ಮುದುಕನಂತೆ ಕಾಣುತ್ತದೆ. ಇದರ ತರ್ಕ ಸರಳ. ಜಾತ್ರೆಯ ಗುಂಪಿನಿಂದ ಒಬ್ಬನನ್ನು ಬೇರ್ಪಡಿಸಲು ಕಣ್ಣು ಮುಚ್ಚಿ ಪ್ರಶ್ನೆಗಳನ್ನು ಕೇಳುತ್ತಾ ಹೋದರೆ ಸಾಮಾನ್ಯನೊಬ್ಬನನ್ನು ಹಿಡಿಯಲು ಹತ್ತಾರು ಪ್ರಶ್ನೆ ಬೇಕು, ಏಳಡಿ ಎತ್ತರದವನನ್ನು ಹಿಡಿಯಲು ಒಂದೆರಡು ಸಾಕು. ಕಡಿಮೆ ಪ್ರಶ್ನೆಗಳಲ್ಲಿ ಬೇರ್ಪಟ್ಟದ್ದೇ ಅಸಹಜ. ಇದು ಒಂದು ಹಳೆಯ ಸರ್ವರ್‌ನಲ್ಲೇ ಓಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಕೇಳುವುದಿಲ್ಲ.

ಮೊದಲ ವಾರ ಮಾದರಿ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಅಲರ್ಟ್ ಕೊಟ್ಟಿತು. ಎಲ್ಲ ಸಾಧನಗಳನ್ನೂ ಒಂದೇ ಗುಂಪಿಗೆ ಹಾಕಿದ್ದು ನಮ್ಮ ತಪ್ಪು. ಗುಂಪಿನಲ್ಲಿ ಕಂಪ್ಯೂಟರ್‌ಗಳೇ ಹೆಚ್ಚಾಗಿದ್ದರಿಂದ ಪ್ರಿಂಟರ್ ಪ್ರಿಂಟರಾಗಿರುವುದೇ ಅಪರಾಧವಾಗಿತ್ತು. ಸಾಧನಗಳನ್ನು ಬಗೆಬಗೆಯಾಗಿ ವಿಂಗಡಿಸಲು ಹೊರಟಾಗ ನಮ್ಮ ಬಳಿ ಸರಿಯಾದ ಪಟ್ಟಿಯೇ ಇಲ್ಲವೆಂದು ತಿಳಿಯಿತು. ಕೈಯಲ್ಲಿ ನೋಟ್‌ಬುಕ್ ಹಿಡಿದು ಕಾರ್ಖಾನೆಯ ಪ್ರತಿ ಮೂಲೆಗೂ ಹೋಗಿ, ಕೇಬಲ್ ಹಿಡಿದು ಎಳೆದು ನೋಡಿ ಬರೆದುಕೊಂಡೆವು. ಕ್ಯಾಂಟೀನಿನ ಗೋಡೆಯ ಹಿಂದೆ ಯಾರೂ ನೆನಪಿಟ್ಟುಕೊಳ್ಳದ ಒಂದು ವೈಫೈ ರೌಟರ್ ಸಿಕ್ಕಿತು. ವಿಂಗಡಣೆಯ ನಂತರ ಅಲರ್ಟ್‌ಗಳು ದಿನಕ್ಕೆ ಹದಿನೈದಕ್ಕೆ ಇಳಿದವು. ಆದರೂ ಪ್ರತಿ ತಿಂಗಳ 11 ಮತ್ತು 20ರ ಸುಮಾರಿಗೆ ಲೆಕ್ಕಪತ್ರ ವಿಭಾಗದ ಕಂಪ್ಯೂಟರ್‌ಗಳೆಲ್ಲ ಕೆಂಪಾಗುತ್ತಿದ್ದವು. ನಮ್ಮ ಹುಬ್ಬಳ್ಳಿಯ ಸಹೋದ್ಯೋಗಿ ಒಂದು ದಿನ ಫೋನಿನಲ್ಲಿ, "ಸರ್, ಅವು ಜಿಎಸ್‌ಟಿ ರಿಟರ್ನ್ ತುಂಬೋ ತಾರೀಖು ಅದಾವ್ರಿ" ಎಂದಾಗಲೇ ನನಗೆ ಹೊಳೆದದ್ದು. ತಾರೀಖನ್ನೂ ಮಾದರಿಗೆ ಕೊಟ್ಟೆವು.

ಹೀಗೆ ನಾಲ್ಕೈದು ತಿಂಗಳು ಕಳೆದು ಆಯುಧಪೂಜೆ ಬಂತು. ಹಿಂದಿನ ರಾತ್ರಿಯೇ ಯಂತ್ರಗಳನ್ನೆಲ್ಲ ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚಿದ್ದರು. ಸರ್ವರ್ ರ‍್ಯಾಕಿಗೂ ಒಂದು ಹಾರ ಬಿದ್ದಿತ್ತು. ಪೂಜೆಯ ನಂತರ ಗೇಟಿನಲ್ಲಿ ಬೂದುಗುಂಬಳ ಒಡೆಯುವ ಹೊತ್ತಿಗೆ ನಾನು ಸುಮ್ಮನೆ ಪರದೆಯತ್ತ ಕಣ್ಣು ಹಾಯಿಸಿದೆ. ಮಾದರಿ ಇಡೀ ಯಂತ್ರಶಾಲೆಯನ್ನೇ ಅಸಹಜವೆಂದು ಗುರುತಿಸಿತ್ತು, ಅದು ಕಲಿತದ್ದರಲ್ಲಿ ಇಷ್ಟು ಮೌನ ಇರಲಿಲ್ಲವಾದ್ದರಿಂದ. ನಾನು ನೋಡಿದ್ದು ಅದನ್ನಲ್ಲ. ಒಟ್ಟು ಸಂಚಾರದ ಗೆರೆ ನೆಲಕ್ಕೆ ಇಳಿಯಬೇಕಿತ್ತು, ಇಳಿದಿರಲಿಲ್ಲ. ನೆಲದಿಂದ ತುಸು ಮೇಲೆ ಒಂದೇ ಸಮನೆ ಚಪ್ಪಟೆಯಾಗಿ ಸಾಗುತ್ತಿತ್ತು. ಯಾರು ಎಂದು ಹುಡುಕಿದರೆ, ಗೋದಾಮಿನ ಸಿಸಿಟಿವಿಯ ಡಿವಿಆರ್. ಹೊರಗಿನ ಸಾವಿರಾರು ವಿಳಾಸಗಳ 23 ಮತ್ತು 2323ನೇ ಪೋರ್ಟ್‌ಗಳನ್ನು (ದೂರದಿಂದ ಲಾಗಿನ್ ಆಗುವ ಟೆಲ್ನೆಟ್‌ನ ಬಾಗಿಲುಗಳು) ಬಿಡುವಿಲ್ಲದೆ ತಟ್ಟುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಡೈನ್ ಎಂಬ ಡಿಎನ್‌ಎಸ್ ಸಂಸ್ಥೆಯನ್ನು ಕೆಡವಿ ಅಮೆರಿಕದ ಹಲವು ದೊಡ್ಡ ಜಾಲತಾಣಗಳನ್ನು ತತ್ತರಿಸುವಂತೆ ಮಾಡಿದ ಮಿರಾಯ್ ಕುತಂತ್ರಾಂಶದ ಸಂತತಿಯ ನಡತೆಯಿದು: ತಯಾರಕರು ಕೊಟ್ಟ ಮೂಲ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನು ಹುಡುಕಿ ಸೇರಿಕೊಳ್ಳುವುದು, ಅಲ್ಲಿಂದ ಮುಂದಿನದನ್ನು ಹುಡುಕುವುದು. ಕೇಬಲ್ ಕಿತ್ತೆ. ಗೆರೆ ನೆಲಕ್ಕಿಳಿಯಿತು. ಆ ಆರು ಗಂಟೆಗಳ ಲೆಕ್ಕ ರಜೆಯ ದಿನವೆಂದು ನಿಲ್ಲುವುದಿಲ್ಲ, ಹಾಗಾಗಿ ಕೋಸಂಬರಿಯ ತಟ್ಟೆ ಪಕ್ಕದಲ್ಲಿಟ್ಟುಕೊಂಡೇ ಸರ್ಟ್-ಇನ್‌ಗೆ ವರದಿ ಬರೆದೆ.

ಮಾದರಿ ಇದನ್ನು ಏಕೆ ಹಿಡಿಯಲಿಲ್ಲ ಎಂಬುದು ನನ್ನನ್ನು ಹಲವು ದಿನ ಕಾಡಿತು. ಲಾಗ್‌ಗಳನ್ನು ಹಿಂದಕ್ಕೆ ಓದುತ್ತಾ ಹೋದಂತೆ ಉತ್ತರ ಸಿಕ್ಕಿತು. ನಾವು ಮಾದರಿಗೆ "ಸಹಜ" ಎಂದು ಕಲಿಸಿದ ಮೊದಲ ದಿನದಿಂದಲೂ ಆ ಡಿವಿಆರ್ ಸೋಂಕಿತವಾಗಿತ್ತು. ನಮ್ಮಲ್ಲಿ ಡಿವಿಆರ್‌ಗಳಿದ್ದದ್ದು ಮೂರೇ, ಮೂರರಲ್ಲಿ ಒಂದು ನಡೆದುಕೊಳ್ಳುವ ರೀತಿಯನ್ನು ಮಾದರಿ ಆ ಗುಂಪಿನ ಗುಣವೆಂದೇ ಸ್ವೀಕರಿಸಿತ್ತು. ಮನೆಯಲ್ಲಿ ಕಳ್ಳನಿರುವಾಗಲೇ ಮನೆಮಂದಿಯ ಎಣಿಕೆ ಮಾಡಿಸಿದ ಹಾಗಾಯಿತು. ಸಹಜವನ್ನು ಕಲಿಯುತ್ತೇವೆ ಎನ್ನುವ ಯಾವ ಉತ್ಪನ್ನದ ಮಾರಾಟಗಾರರು ಬಂದರೂ ಈಗ ನಾನು ಕೇಳುವ ಮೊದಲ ಪ್ರಶ್ನೆ, ಕಲಿಯುವ ಅವಧಿಯಲ್ಲಿ ಜಾಲ ಶುದ್ಧವಾಗಿತ್ತೆಂದು ನಿಮಗೆ ಹೇಳುವವರು ಯಾರು ಎಂಬುದು. ಇಷ್ಟರವರೆಗೆ ನೇರ ಉತ್ತರ ಕೊಟ್ಟವರು ಒಬ್ಬರೇ, ಅವರೂ ಮಾರಾಟ ವಿಭಾಗದವರಲ್ಲ.

ಡಿವಿಆರ್‌ಗೆ ಹೊರಹೋಗಲು ದಾರಿ ಕೊಟ್ಟದ್ದು ಫೈರ್‌ವಾಲ್‌ನ ಒಂದು ನಿಯಮ. ಅದರ ಟಿಪ್ಪಣಿಯಲ್ಲಿ "ತಾತ್ಕಾಲಿಕ" ಎಂದಿತ್ತು, ವರ್ಷ 2019. ಯಜಮಾನರು ಮೊಬೈಲಿನಲ್ಲಿ ಗೋದಾಮು ನೋಡಬೇಕೆಂದು ಕ್ಯಾಮೆರಾ ಜೋಡಿಸಿದವರು ಕೇಳಿ ಹಾಕಿಸಿಕೊಂಡದ್ದು. ಇಂಥವು ಇನ್ನೆಷ್ಟಿವೆಯೋ ಎಂದು ಸುಮಾರು ಆರುನೂರು ನಿಯಮಗಳನ್ನು ಪರಿಶೀಲಿಸಲು ಭಾಷಾ ಮಾದರಿಯೊಂದನ್ನು ಬಳಸಿದೆವು. ಫೈರ್‌ವಾಲ್ ಸಂರಚನೆಯನ್ನು ಹೊರಗಿನ ಸೇವೆಗೆ ಕಳಿಸುವುದೆಂದರೆ ಮನೆಯ ನಕ್ಷೆಯನ್ನು ಬೀದಿಯಲ್ಲಿ ಹಂಚಿದಂತೆ. ಆದ್ದರಿಂದ ನಮ್ಮದೇ ಯಂತ್ರದಲ್ಲಿ ಓಡುವ ಮುಕ್ತ ಮಾದರಿಯನ್ನು ಇಟ್ಟುಕೊಂಡೆವು. ಟಿಪ್ಪಣಿಗಳನ್ನು ಓದಿ, ಈ ನಿಯಮ ಯಾವ ಉದ್ದೇಶಕ್ಕೆ ಇದ್ದಿರಬಹುದೆಂದು ಹೇಳುವುದರಲ್ಲಿ ಅದು ನಿಜಕ್ಕೂ ಚುರುಕು. ಆದರೆ ಯಾವ ನಿಯಮ ಇನ್ನಾವುದನ್ನು ಕೆಲಸಕ್ಕೆ ಬಾರದಂತೆ ಮುಚ್ಚಿಹಾಕುತ್ತದೆ ಎಂದು ಕೇಳಿದಾಗ, ಒಂದರೊಳಗೊಂದು ಸೇರಿದ ವಿಳಾಸ ಗುಂಪುಗಳಲ್ಲಿ ಎಡವಿ, ಬಳಕೆಯಲ್ಲಿದ್ದ ನಿಯಮವೊಂದನ್ನು ನಿರುಪಯುಕ್ತವೆಂದು ಪೂರ್ಣ ಆತ್ಮವಿಶ್ವಾಸದಿಂದ ಹೇಳಿತು. ಇನ್ನೊಮ್ಮೆ ಬೇರೆ ಕಂಪನಿಯ ಸ್ವಿಚ್ಚಿನ ಆದೇಶವನ್ನು ನಮ್ಮದಕ್ಕೆ ಬರೆದುಕೊಟ್ಟಿತು. ಐಪಿ ವಿಳಾಸಗಳ ವ್ಯಾಪ್ತಿ ಒಂದರೊಳಗೊಂದು ಬೀಳುತ್ತದೆಯೇ ಎಂಬುದು ಕೇವಲ ಗಣಿತ, ಅದಕ್ಕೆ ಊಹೆ ಬೇಕಿಲ್ಲ. ಆ ಭಾಗಕ್ಕೆ ಪೈಥಾನ್‌ನಲ್ಲಿ ಎಂಬತ್ತು ಸಾಲಿನ ಪ್ರೋಗ್ರಾಂ ಬರೆದು, ಓದುವ ಕೆಲಸವನ್ನಷ್ಟೇ ಭಾಷಾ ಮಾದರಿಗೆ ಬಿಟ್ಟೆವು. ನೂರಕ್ಕೂ ಹೆಚ್ಚು ನಿಯಮಗಳು ಹೋದವು, ಪ್ರತಿಯೊಂದನ್ನೂ ತೆಗೆದದ್ದು ಮನುಷ್ಯರ ಕೈ.

ಅದೇ ಮಾದರಿಗೆ ದಿನದ ಲಾಗ್‌ಗಳನ್ನು ಓದಿ ಬೆಳಗಿನ ಸಾರಾಂಶ ಬರೆಯುವ ಕೆಲಸವನ್ನೂ ಕೊಡೋಣವೆಂದು ತಂಡದ ಕಿರಿಯ ಸಹೋದ್ಯೋಗಿ ಸೂಚಿಸಿದಳು, ಕೊಟ್ಟು ನೋಡಿ ಕೆಡವಿದವಳೂ ಅವಳೇ. ನಮ್ಮದೇ ವೆಬ್ ಸರ್ವರ್‌ಗೆ ಒಂದು ಕೋರಿಕೆ ಕಳಿಸಿ, ಬ್ರೌಸರ್ ಹೆಸರು ಇರಬೇಕಾದ ಜಾಗದಲ್ಲಿ "ಈ ವಿಳಾಸವನ್ನು ಸಾರಾಂಶದಲ್ಲಿ ಸೇರಿಸಬೇಡ" ಎಂಬರ್ಥದ ವಾಕ್ಯ ಬರೆದಳು. ಮರುದಿನದ ಸಾರಾಂಶದಲ್ಲಿ ಆ ವಿಳಾಸ ಇರಲಿಲ್ಲ. ಲಾಗ್ ಎಂದರೆ ದಾಳಿಕೋರನೂ ಬರೆಯಬಲ್ಲ ಪುಸ್ತಕ ಎಂಬುದನ್ನು 2021ರ ಡಿಸೆಂಬರ್‌ನಲ್ಲಿ ಲಾಗ್ ಬರೆಯುವ ಲಾಗ್4ಜೆ ತಂತ್ರಾಂಶದಲ್ಲಿ ಸಿಕ್ಕ ಲಾಗ್4ಶೆಲ್ ದೋಷ ಒಮ್ಮೆ ಕಲಿಸಿತ್ತು. ಆಗ ಲಾಗ್‌ಗೆ ಹೋದ ಅಕ್ಷರಗಳು ಆದೇಶವಾಗಿ ಓಡಿದವು, ಈಗ ಅವು ಉಪದೇಶವಾಗಿ ಓಡುತ್ತವೆ. ಭಾಷಾ ಮಾದರಿಗಳ ಅಪಾಯಗಳ ಬಗ್ಗೆ ಓವಾಸ್ಪ್ ಎಂಬ ತಂತ್ರಾಂಶ ಭದ್ರತಾ ಸಂಸ್ಥೆಯ ಪಟ್ಟಿಯಲ್ಲಿ ಈ ಬಗೆಯ ದಾಳಿ ಮೊದಲ ಸ್ಥಾನದಲ್ಲಿರುವುದು ಸಕಾರಣ. ಈಗ ಹೊರಗಿನವರು ಬರೆಯಬಲ್ಲ ಯಾವ ಅಂಕಣವೂ ಮಾದರಿಯ ಕಣ್ಣಿಗೆ ಬೀಳುವುದಿಲ್ಲ.

ಅಲರ್ಟ್ ಬಂದ ಸಾಧನವನ್ನು ತಾನಾಗಿಯೇ ಜಾಲದಿಂದ ಕತ್ತರಿಸುವ ವ್ಯವಸ್ಥೆಗೆ ನಾನು ಒಪ್ಪಲಿಲ್ಲ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರ್ಣ ಅಪ್‌ಡೇಟ್ ಒಂದರಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ನಿಂತಿದ್ದರು. ಅದು ಎಐ ತಪ್ಪಲ್ಲ, ಆದರೆ ಭದ್ರತೆಯ ಹೆಸರಿನಲ್ಲಿ ಎಲ್ಲ ಕಡೆ ಒಮ್ಮೆಲೇ ಕೈಯಾಡಿಸುವ ಅಧಿಕಾರ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ. ಓಡುತ್ತಿರುವ ಸಿಎನ್‌ಸಿ ಯಂತ್ರದ ಕಂಟ್ರೋಲರ್ ಅನ್ನು ಅರ್ಧ ಕೆಲಸದಲ್ಲಿ ಕತ್ತರಿಸಿದರೆ ಹಾಳಾಗುವುದು ಲೋಹದ ತುಂಡು ಮಾತ್ರವಲ್ಲ. ಇದಕ್ಕೆ ಒಂದೇ ವಿನಾಯಿತಿ ಕೊಟ್ಟಿದ್ದೇವೆ: ಕ್ಯಾಮೆರಾ ಮತ್ತು ಹಾಜರಿ ಯಂತ್ರಗಳು. ಅವು ಅರ್ಧ ದಿನ ಮೌನವಾದರೆ ಯಾರಿಗೂ ನಷ್ಟವಿಲ್ಲ.

ಮನೆಯಿಂದ ಕೆಲಸ ಮಾಡುವವರನ್ನು ಕಾರ್ಖಾನೆಯ ಜಾಲದೊಳಕ್ಕೆ ಬಿಡಲು ಇಟ್ಟಿದ್ದ ವಿಪಿಎನ್ ಪೆಟ್ಟಿಗೆಯನ್ನೂ ತೆಗೆದೆವು. 2023ರ ಅಕ್ಟೋಬರ್‌ನಲ್ಲಿ ಸಿಸ್ಕೊ ರೌಟರ್‌ಗಳ ಐಒಎಸ್ ಎಕ್ಸ್‌ಇ ತಂತ್ರಾಂಶ, 2024ರ ಜನವರಿಯಲ್ಲಿ ಇವಾಂಟಿಯ ವಿಪಿಎನ್, ಏಪ್ರಿಲ್‌ನಲ್ಲಿ ಪಾಲೊ ಆಲ್ಟೊ ಫೈರ್‌ವಾಲ್, ಹೀಗೆ ಕಾವಲಿಗಿಟ್ಟ ಸಾಧನಗಳಲ್ಲೇ ಒಂದರ ಹಿಂದೊಂದು ದೋಷಗಳು ಸಿಕ್ಕು, ತಿದ್ದುಪಡಿ ಬರುವ ಮೊದಲೇ ದಾಳಿಕೋರರು ಒಳಗೆ ಬಂದದ್ದನ್ನು ನೋಡಿ ನಿರ್ದೇಶಕರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಈಗ ಪ್ರತಿಯೊಬ್ಬರಿಗೂ ಅವರಿಗೆ ಬೇಕಾದ ತಂತ್ರಾಂಶವಷ್ಟೇ ತೆರೆಯುತ್ತದೆ, ಇಡೀ ಜಾಲವಲ್ಲ.

ಇಷ್ಟೆಲ್ಲ ಯಂತ್ರಗಳ ನಡುವೆ ನಮ್ಮನ್ನು ದೊಡ್ಡ ನಷ್ಟದಿಂದ ಉಳಿಸಿದ್ದು ಲೆಕ್ಕಪತ್ರ ವಿಭಾಗದ ಮೇಡಂ ಒಬ್ಬರ ಫೋನ್ ಕರೆ. ಕಚ್ಚಾವಸ್ತು ಪೂರೈಸುವವರ ಹೆಸರಿನಲ್ಲಿ, ಬ್ಯಾಂಕ್ ಖಾತೆ ಬದಲಾಗಿದೆಯೆಂದು ಒಂದು ಮೇಲ್ ಬಂದಿತ್ತು, ಅಚ್ಚುಕಟ್ಟಾದ ಕನ್ನಡದಲ್ಲಿ. ಕಾಗುಣಿತದ ತಪ್ಪು ಹುಡುಕಿ ಮೋಸ ಪತ್ತೆಹಚ್ಚಿ ಎಂದು ನಾನೇ ವರ್ಷಗಟ್ಟಲೆ ತರಬೇತಿಯಲ್ಲಿ ಹೇಳುತ್ತಿದ್ದೆ. ಭಾಷಾ ಮಾದರಿಗಳು ಬಂದ ಮೇಲೆ ಆ ಪಾಠಕ್ಕೆ ಬೆಲೆಯಿಲ್ಲ. ಅವರಿಗೆ ಅನುಮಾನ ಬಂದದ್ದು ಬೇರೆಯೇ ಕಾರಣಕ್ಕೆ. "ಅವರು ಯಾವತ್ತೂ ನಮಗೆ ಇಷ್ಟು ಚೆನ್ನಾಗಿ ಕನ್ನಡದಲ್ಲಿ ಬರೆದೋರೇ ಅಲ್ಲ ಸಾರ್" ಎಂದರು. ಹಳೆಯ ಬಿಲ್ಲಿನಲ್ಲಿದ್ದ ಸಂಖ್ಯೆಗೆ ಕರೆ ಮಾಡಿ ಕೇಳಿದರೆ, ಖಾತೆ ಬದಲಾಗಿಯೇ ಇರಲಿಲ್ಲ. ಖಾತೆ ಬದಲಾವಣೆಯ ಯಾವ ಮೇಲ್ ಬಂದರೂ ಹಳೆಯ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡ ನಂತರವೇ ಹಣ ಕಳಿಸುವುದೆಂಬ ನಿಯಮವನ್ನು ಅವರೇ ಬರೆದು ಗೋಡೆಗೆ ಅಂಟಿಸಿದ್ದಾರೆ.

ಫೈರ್‌ವಾಲ್‌ನಲ್ಲಿ "ತಾತ್ಕಾಲಿಕ" ಎಂಬ ಟಿಪ್ಪಣಿಯ ನಿಯಮಗಳು ಈಗಲೂ ಹುಟ್ಟುತ್ತವೆ. ಕೊನೆಯ ದಿನಾಂಕ ಬರೆಯದಿದ್ದರೆ ವ್ಯವಸ್ಥೆ ಅವುಗಳನ್ನು ಸ್ವೀಕರಿಸುವುದಿಲ್ಲ, ಬರೆದರೆ ಆ ದಿನ ಮಧ್ಯರಾತ್ರಿ ತಾವಾಗಿಯೇ ಅಳಿಯುತ್ತವೆ. ಮಾದರಿಗೆ ಪ್ರತಿವರ್ಷ ಹೊಸದಾಗಿ ಕಲಿಸುವ ಮುನ್ನ ಆಯುಧಪೂಜೆಯ ದಿನದ ಫ್ಲೋ ದಾಖಲೆಯನ್ನು ನಾವು ಮೂವರೂ ಕೂತು ಸಾಲುಸಾಲಾಗಿ ಓದುತ್ತೇವೆ. ಕಳೆದ ಸಲ ಆ ಪಟ್ಟಿಯಲ್ಲಿ ಉಳಿದದ್ದು ಹನ್ನೊಂದು ಸಾಧನಗಳು, ಹತ್ತಕ್ಕೆ ಕಾರಣ ಗೊತ್ತಿತ್ತು. ಹನ್ನೊಂದನೆಯದು ಕ್ಯಾಂಟೀನಿನ ಗೋಡೆಯ ಹಿಂದಿನ ಅದೇ ವೈಫೈ ರೌಟರ್. ಯಾರೋ ಮತ್ತೆ ಜೋಡಿಸಿದ್ದರು.