ಕಡುಬು ತಿಂದು ಒಂದೂವರೆ ಗಂಟೆಗೆ

ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಹೊಟ್ಟೆ ಚಿಕ್ಕದು ಮಾಡಿ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್, ಮಾಡಿಸಿಕೊಂಡು ಎರಡು ವರ್ಷ ಆಗಿತ್ತು. ಮಂಡಿನೋವು ಹೋಗಿತ್ತು. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ದರೆ ಹತ್ತಿ ಇಳಿಯುವುದು ಸಲೀಸಾಗಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ಎರಡು ಕಡುಬು, ಕಾಯಿಚಟ್ನಿ ತಿಂದು, ಬೆಲ್ಲದ ಕಾಫಿ ಕುಡಿದು ಅಡಿಕೆ ಸುಲಿಯಲು ಕೂತೆ. ಒಂದೂವರೆ ಗಂಟೆ ಆಗಿರಬೇಕು. ಆ ಚಳಿಯಲ್ಲೂ ಕುತ್ತಿಗೆ ಹಿಂದೆ ಬೆವರು. ಮೆಟ್ಟುಗತ್ತಿಗೆ ಹಿಡಿದ ಅಡಿಕೆ ಎರಡೆರಡಾಗಿ ಕಂಡಿತು. ಬೆರಳು ನಡುಗುತ್ತಿತ್ತು. ಕತ್ತಿ ಬಿಟ್ಟು ಹಿಂದೆ ಸರಿದೆ.

"ಎಂತ ಆಯ್ತೇ ನಿಂಗೆ?" ಅಂತ ಅತ್ತೆ ಬೆಲ್ಲ, ನೀರು ತಂದರು. ಬಾಯಾರಿ ಬಂದವರಿಗೆ ನಮ್ಮ ಕಡೆ ಮೊದಲು ಕೊಡುವುದೂ ಅದೇ ಅಲ್ವಾ. ದೊಡ್ಡ ತುಂಡು ತಿಂದೆ, ಸರಿಹೋಯಿತು. ಆಮೇಲೆ ಮತ್ತೆ ಅದೇ ನಡುಕ, ಮತ್ತೆ ಬೆಲ್ಲ. ಸಂಜೆಯೊಳಗೆ ಮೂರು ಸಲ.

ತುಂಬಾ ದಿನ ಇದನ್ನು ಹಸಿವು ಅಂದುಕೊಂಡಿದ್ದೆ. ಆದರೆ ಉಪವಾಸದ ದಿನ ಬರುತ್ತಿರಲಿಲ್ಲ, ಉಂಡ ದಿನವೇ ಬರುತ್ತಿತ್ತು. ಶಿವಮೊಗ್ಗದ ಡಾಕ್ಟರ್ ಬಿಡಿಸಿ ಹೇಳಿದರು. ಬೈಪಾಸ್ ಆದವರಲ್ಲಿ ಅನ್ನ, ಬೆಲ್ಲ ಹೊಟ್ಟೆಯಲ್ಲಿ ನಿಲ್ಲದೆ ಬೇಗ ಸಣ್ಣ ಕರುಳಿಗೆ ಇಳಿಯುತ್ತದೆ. ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುತ್ತದೆ. ಅದಕ್ಕೆ, ಸಕ್ಕರೆ ಇಳಿಸುವ ಇನ್ಸುಲಿನ್ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ. ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿಯುತ್ತದೆ. ಆಪರೇಷನ್ ಆಗಿ ವರ್ಷ ಕಳೆದ ಮೇಲೆ ಇದು ಶುರುವಾಗುವುದೇ ಹೆಚ್ಚಂತೆ. ಅಂದರೆ ನಾನು ಮದ್ದು ಅಂತ ಲೆಕ್ಕವಿಲ್ಲದೆ ತಿಂದ ಬೆಲ್ಲವೇ ಮುಂದಿನ ನಡುಕಕ್ಕೆ ಕಾರಣ.

ಈಗ ನಡುಕ ಬಂದರೆ ಮೊದಲು ಗ್ಲೂಕೋಮೀಟರಿನಲ್ಲಿ ರಕ್ತದ ಸಕ್ಕರೆ ನೋಡುತ್ತೇನೆ. 70 mg/dLಗಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯುತ್ತೇನೆ. 15 ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ನಡುಗುವಾಗ ಅಳತೆ ಗೊತ್ತಾಗುವುದಿಲ್ಲ, ಅದಕ್ಕೇ ಮೊದಲೇ ತೂಗಿಟ್ಟಿರುತ್ತೇನೆ. ಪೊಟ್ಟಣ ಕಟ್ಟಿದರೆ ನಮ್ಮ ಮಳೆಗಾಲಕ್ಕೆ ಪುಡಿ ಕಲ್ಲಾಗುತ್ತದೆ. ಬಿಗಿ ಮುಚ್ಚಳದ ಸಣ್ಣ ಡಬ್ಬಿಗಳೇ ಸರಿ. ಒಂದು ತೋಟದ ಚೀಲದಲ್ಲಿ, ಒಂದು ಸ್ಕೂಟರಿನಲ್ಲಿ. ಸಕ್ಕರೆ ಮೇಲೆ ಬಂದ ಕೂಡಲೇ ಒಂದು ಬೇಯಿಸಿದ ಮೊಟ್ಟೆ, ಇಲ್ಲವೇ ಒಂದು ಹಿಡಿ ಶೇಂಗಾ. ಇದನ್ನು ಬಿಟ್ಟ ದಿನವೆಲ್ಲ ಮತ್ತೆ ಇಳಿದಿದೆ.

ಡಾಕ್ಟರ್ ಊಟದ ಜೊತೆ ಅಕಾರ್ಬೋಸ್ ಮಾತ್ರೆಯನ್ನೂ ಕೊಟ್ಟಿದ್ದಾರೆ, ಅನ್ನ, ಸಿಹಿ ಕರುಳಿನಲ್ಲಿ ನಿಧಾನವಾಗಿ ಕರಗಲಿ ಅಂತ. ಇದನ್ನು ತೆಗೆದುಕೊಳ್ಳುವವರಿಗೆ ಬೆಲ್ಲ, ಸಕ್ಕರೆ ಬೇಗ ಕರಗಿ ರಕ್ತಕ್ಕೆ ಸೇರುವುದಿಲ್ಲ. ಹಾಗಾಗಿ ರಕ್ತದ ಸಕ್ಕರೆ ಕುಸಿದಾಗ ಗ್ಲೂಕೋಸೇ ಬೇಕು. ಮನೆಯವರಿಗೂ ಇದು ಗೊತ್ತಿರಲೇಬೇಕು. ನನಗೆ ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ ಒಯ್ಯಿರಿ ಅಂತ ಹೇಳಿಟ್ಟಿದ್ದೇನೆ.

ತಿನ್ನುವ ಕ್ರಮವೂ ತಿರುಗಿತು. ಮೊದಲು ಮೊಟ್ಟೆ, ಮೀನು ಅಥವಾ ಕಾಳಿನ ಪಲ್ಯ. ಕಡುಬು ಕೊನೆಗೆ, ಅದೂ ಒಂದೇ. ನೀರು ಅರ್ಧ ಗಂಟೆ ಬಿಟ್ಟು. ಕಬ್ಬಿನ ಹಾಲು ಮಾತ್ರ ಪೂರ್ತಿ ಬಿಟ್ಟೆ. ಕುಡಿಯುವ ಸಿಹಿ ಎಲ್ಲಕ್ಕಿಂತ ಬೇಗ ಇಳಿಯುತ್ತದೆ. ಆಲೆಮನೆಯಲ್ಲಿ ನೊರೆ ತುಂಬಿದ ಲೋಟ ಮುಂದೆ ಹಿಡಿದಾಗ ಬೇಡ ಅನ್ನುವುದು ಈಗಲೂ ಕಷ್ಟ.